ಆದಷ್ಟು ಮಾಡುವುದು, ಪೂರ್ತಿ ಮಾಡುವುದು

ವೇದದ ಯಾಗಕರ್ಮಗಳನ್ನು ವಿಚಾರಿಸಿದ ಮೀಮಾಂಸಕರು ದೇವರ ವಿಷಯಕ್ಕೆ ಅಷ್ಟಾಗಿ ತಲೆ ಕೆಡಿಸಿಕೊಂಡವರಲ್ಲ. ಜಗತ್ತನ್ನು ಯಾರು ಸೃಷ್ಟಿಸಿದರು ಎಂಬುದನ್ನು ಬದಿಗಿಟ್ಟು ಅವರು ಕೇಳಿದ್ದೆಲ್ಲ ಕೆಲಸದ ಪ್ರಶ್ನೆಗಳು. ಇದನ್ನು ಯಾರು ಮಾಡಬೇಕು? ಯಾಕೆ ಮಾಡಬೇಕು? ಸಾಮಾನು ಸಿಗದಿದ್ದರೆ ಏನು ಗತಿ? ಅರ್ಧಕ್ಕೆ ನಿಂತರೆ? ಜೈಮಿನಿ ಸೂತ್ರದ ಹನ್ನೆರಡು ಅಧ್ಯಾಯಗಳ ತುಂಬ ಇಂಥ ತಲೆಬಿಸಿಯೇ. ಕೋಟದ ನಮ್ಮ ಮನೆಯ ಜಗಲಿಯಲ್ಲಿ ಅಪ್ಪಯ್ಯ ಇಬ್ಬರು ಮೂವರು ಹುಡುಗರಿಗೆ ಇದನ್ನು ಪಾಠ ಹೇಳುವಾಗ, ಒಳಗೂ ಹೊರಗೂ ಓಡಾಡುತ್ತ ನಾನೂ ಕಿವಿಗೆ ಹಾಕಿಕೊಂಡದ್ದುಂಟು. ಆಗ ಅದು ಬರೀ ತುಪ್ಪ, ಸಮಿತ್ತು, ಯಜ್ಞಕುಂಡದ ವಿಚಾರವಾಗಿ ಕಂಡಿತ್ತು. ಈಗ ಮಯೂರ್ ವಿಹಾರ್ ಒಂದನೇ ಫೇಸಿನ ಮೂರನೇ ಮಹಡಿಯ ಮನೆ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸ, ಎರಡನ್ನೂ ಇಷ್ಟು ವರ್ಷ ಎಳೆದ ಮೇಲೆ, ದಿನವನ್ನು ಹೇಗೆ ನಿಭಾಯಿಸಬೇಕು ಎಂಬ ಬಗ್ಗೆ ಅಷ್ಟು ಕಟ್ಟುನಿಟ್ಟಾಗಿ ಯೋಚಿಸಿದವರು ಬೇರೆ ಯಾರೂ ಇಲ್ಲವೇನೋ ಅನ್ನಿಸುತ್ತದೆ.

ಇದೆಲ್ಲ ಮತ್ತೆ ನೆನಪಿಗೆ ಬರಲು ಕಾರಣ ಮಗ. ನೋಯ್ಡಾದಲ್ಲಿ ಕೆಲಸ ಮಾಡುವ ಅವನು ಒಂದು ಭಾನುವಾರ ಕೂತು ಮನೆಯ ಕೆಲಸವನ್ನೆಲ್ಲ ಮೊಬೈಲಿನ ಒಂದೇ ಪಟ್ಟಿಗೆ ಹಾಕಿ ಎಲ್ಲರಿಗೂ ಹಂಚಿದ. ಬೆಳಿಗ್ಗೆ ನೀರಿನ ಮೋಟಾರ್ ಹಾಕುವುದು, ಮದರ್ ಡೈರಿಯಿಂದ ಹಾಲು ತರುವುದು, ಅಜ್ಜಿಯ ಬಿಪಿ ಮಾತ್ರೆ, ಆರ್‌ಓ ಫಿಲ್ಟರ್ ಬದಲಿಸುವುದು, ಆದಾಯ ತೆರಿಗೆಯ ರಿಟರ್ನ್, ಬಾಲ್ಕನಿಗೆ ಗಾಜು, ಕೋಟದ ಜಾಗದ ಪಹಣಿ ತಿದ್ದುಪಡಿ, ಎಲ್ಲ ಸಾಲಾಗಿ. ಮಾಡಿ ಮುಗಿಸಿದ್ದನ್ನು ಮುಟ್ಟಿದರೆ ಅದರ ಮೇಲೆ ಗೆರೆ ಬಿದ್ದು ಮಾಯವಾಗುತ್ತದೆ. ಅತ್ತೆ ಕನ್ನಡಕ ಏರಿಸಿ ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಅನ್ನ ಮಾಡುದನ್ನ ಯಾರಾರೂ ಬರ್ದ್ ಇಟ್ಕಂತ್ರಾ?" ಅಂದರು. ಮಗ ನಕ್ಕ. ನನಗೆ ಜಗಲಿಯ ಪಾಠ ನೆನಪಾಯಿತು.

ಕರ್ಮಗಳಲ್ಲಿ ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರು ಬಗೆ. ಮಳೆ ಬೇಕಾದವನು ಕಾರೀರಿ ಎಂಬ ಇಷ್ಟಿ ಮಾಡುತ್ತಾನೆ, ಅದು ಕಾಮ್ಯ. ಮಳೆ ಬೇಡದವನಿಗೆ ಅದರ ಗೊಡವೆಯೇ ಇಲ್ಲ. ಗ್ರಹಣ ಬಂತು, ಸ್ನಾನ ಮಾಡು, ಅದು ನೈಮಿತ್ತಿಕ. ಬೆಳಗು ಬೈಗಿನ ಸಂಧ್ಯಾವಂದನೆ, ಅಗ್ನಿಹೋತ್ರ ನಿತ್ಯ. ಇದರ ಲಕ್ಷಣ ಹೇಳುವಾಗ ಅಪ್ಪಯ್ಯನ ಧ್ವನಿ ಸ್ವಲ್ಪ ಗಡುಸಾಗುತ್ತಿತ್ತು: ಮಾಡಿದರೆ ವಿಶೇಷ ಫಲವಿಲ್ಲ, ಬಿಟ್ಟರೆ ದೋಷ.

ಅಡುಗೆಮನೆಯಲ್ಲಿ ನಿಂತವರಿಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. ಮೇ ತಿಂಗಳಲ್ಲಿ ದೆಹಲಿಯ ಆಂಧಿ ಬೀಸಿತೆಂದರೆ ಮುಚ್ಚಿದ ಕಿಟಕಿಯ ಸಂದಿನಿಂದಲೂ ಧೂಳು ಒಳಗೆ ಬಂದು ಟಿ.ವಿ., ಮಂಚ, ದೇವರ ಗೂಡು ಯಾವುದನ್ನೂ ಬಿಡದೆ ಕೂರುತ್ತದೆ. ಒರೆಸಿದರೆ ಮನೆ ನಿನ್ನೆ ಇದ್ದಂತೆ ಆಗುತ್ತದೆ, ಅಷ್ಟೆ. ಹೊಸದಾಗಿ ಏನೂ ಹುಟ್ಟಲಿಲ್ಲ. ಒರೆಸದಿದ್ದರೆ ಮಾತ್ರ ಬಂದವರಿಗೆಲ್ಲ ಕಾಣುತ್ತದೆ. ಕಚೇರಿಯಲ್ಲಿ ದಿನಾ ಬರುವ ಡಾಕ್ ಕೂಡ ಹೀಗೆಯೇ. ಬಂದ ಕಾಗದ ಓದಿ, ಗುರುತು ಹಾಕಿ, ಸಂಬಂಧಪಟ್ಟವರಿಗೆ ಕಳಿಸಿದ್ದಕ್ಕೆ ಯಾರೂ ಶಹಬ್ಬಾಸ್ ಅನ್ನುವುದಿಲ್ಲ. ನಾಲ್ಕು ದಿನ ಬಿಟ್ಟರೆ ಅದಕ್ಕೆ ಪೆಂಡೆನ್ಸಿ ಎಂಬ ಹೆಸರು ಬಂದು ಮೀಟಿಂಗಿನಲ್ಲಿ ಓದಲಾಗುತ್ತದೆ.

ಫಲವೇ ಇಲ್ಲದ ಕೆಲಸವನ್ನು ಬುದ್ಧಿವಂತರು ಯಾಕೆ ಮಾಡಬೇಕು ಎಂಬ ಜಗಳ ಶತಮಾನಗಳ ಕಾಲ ನಡೆದಿದೆ. ನಿತ್ಯವನ್ನು ಮಾಡುವುದು ಬಿಟ್ಟಾಗ ಬರುವ ದೋಷವನ್ನು ತಪ್ಪಿಸಲು, ಅದೇ ಅದರ ಪ್ರಯೋಜನ ಎಂದರು ಕುಮಾರಿಲ ಭಟ್ಟನ ಕಡೆಯವರು. ಪ್ರಯೋಜನದ ಮಾತೇ ಬೇಡ, ಮಾಡು ಎಂದು ವಿಧಿಯಿದೆ, ಅಷ್ಟು ಸಾಕು ಎಂದರು ಪ್ರಭಾಕರನ ಕಡೆಯವರು. ಶಂಕರರು ಗೀತಾಭಾಷ್ಯದಲ್ಲಿ ಇನ್ನೊಂದು ತಕರಾರು ತೆಗೆದರು. ಮಾಡದಿರುವುದು ಎಂದರೆ ಒಂದು ಅಭಾವ, ಅಭಾವದಿಂದ ದೋಷವೆಂಬ ವಸ್ತು ಹುಟ್ಟುವುದು ಹೇಗೆ? ತರ್ಕ ಚೆನ್ನಾಗಿದೆ. ಆದರೆ ಆಚಾರ್ಯರು ಸಂನ್ಯಾಸಿಗಳು, ರಾತ್ರಿ ಸಿಂಕಿನಲ್ಲಿ ಬಿಟ್ಟ ಪಾತ್ರೆಯ ಅನುಭವ ಅವರಿಗೆ ಇರಲಿಕ್ಕಿಲ್ಲ. ತೊಳೆಯದಿರುವುದರಿಂದ ಜಿರಲೆ ಹುಟ್ಟುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಗನ ಪಟ್ಟಿ ನಮ್ಮನ್ನು ದಣಿಸಿದ್ದು ಎಲ್ಲಿ ಎಂಬುದು ಆಗ ಹೊಳೆಯಿತು. ಅದು ಎರಡು ಜಾತಿಯ ಕೆಲಸವನ್ನು ಒಂದೇ ಸಾಲಿನಲ್ಲಿ ಕೂರಿಸಿತ್ತು. ರಿಟರ್ನ್ ಸಲ್ಲಿಸಿದರೆ ಆ ವರ್ಷಕ್ಕೆ ಮುಗಿಯಿತು. ಹಾಲು ನಾಳೆ ಮತ್ತೆ ಬೇಕು. ಮುಗಿಯುವ ಕೆಲಸದ ಅಳತೆಗೋಲನ್ನು ಮುಗಿಯದ ಕೆಲಸಕ್ಕೆ ಹಿಡಿದರೆ ದಿನವಿಡೀ ದುಡಿದವಳಿಗೂ ರಾತ್ರಿ "ಇವತ್ತು ಏನೂ ಆಗಲಿಲ್ಲ" ಎಂದೇ ಅನ್ನಿಸುತ್ತದೆ. ನಮ್ಮಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಉತ್ತರ ಗುರುವಾಯೂರಪ್ಪನ ದೇವಸ್ಥಾನವಿದೆ. ಬೆಳಗಿನ ನಿರ್ಮಾಲ್ಯ ದರ್ಶನದಿಂದ ರಾತ್ರಿಯ ಅತ್ತಾಳ ಪೂಜೆಯ ತನಕ ದೇವರ ದಿನಕ್ಕೂ ಒಂದು ಕ್ರಮವಿದೆ. ನಾಳೆ ಮತ್ತೆ ನಿರ್ಮಾಲ್ಯದಿಂದಲೇ ಶುರು. ಅಲ್ಲಿ ಯಾರೂ ಇಷ್ಟು ಪೂಜೆ ಬಾಕಿ ಎಂದು ಲೆಕ್ಕ ಹಾಕಿ ಕೊರಗುವುದಿಲ್ಲ.

ಆದರೆ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ವಿಂಗಡಣೆಗಿಂತ ಅದರ ಬೆನ್ನಿಗೆ ಬರುವ ನಿಯಮ. ಆರನೇ ಅಧ್ಯಾಯದಲ್ಲಿ ಒಂದು ಪ್ರಶ್ನೆ ಬರುತ್ತದೆ: ಕರ್ಮದ ಎಲ್ಲ ಅಂಗಗಳನ್ನೂ ಪೂರೈಸಲು ಆಗದವನು ಏನು ಮಾಡಬೇಕು? ಉತ್ತರ ಎರಡು ಬಗೆಯದು. ನಿತ್ಯವಾದರೆ ಯಥಾಶಕ್ತಿ, ಆದಷ್ಟು ಮಾಡು; ಅಂಗ ಕಡಿಮೆಯಾದರೂ ನಡೆಯುತ್ತದೆ, ಬಿಡಬಾರದು ಅಷ್ಟೆ. ಕಾಮ್ಯವಾದರೆ ಹಾಗಲ್ಲ. ಎಲ್ಲ ಅಂಗಗಳೂ ಸೇರಿದರೆ ಮಾತ್ರ ಫಲ. ಶಕ್ತಿಯಿಲ್ಲದವನು ಅದಕ್ಕೆ ಕೈ ಹಾಕಬಾರದು. ಹಾಕಿದ ಮೇಲೆ ನಡುವೆ ಬಿಡುವ ಹಾಗಿಲ್ಲ.

ನಮ್ಮ ಮನೆಗಳಲ್ಲಿ ನಡೆಯುವುದು ಇದರ ತದ್ವಿರುದ್ಧ. ಮಂಗಳವಾರದ ರಾತ್ರಿಯ ಊಟಕ್ಕೂ ಪಲ್ಯ, ಸಾರು, ಹಪ್ಪಳ ಎಲ್ಲ ಸಾಂಗವಾಗಿ ಆಗಬೇಕು. ಬಟ್ಟೆ ಮಡಚಿದ್ದರಲ್ಲಿ ಒಂದು ಸುಕ್ಕು ಕಾಣಬಾರದು. ಆದರೆ ಇಡೀ ಮನೆಗೆ ವರ್ಷಗಟ್ಟಲೆ ನೆಮ್ಮದಿ ಕೊಡಬಹುದಾದ ಪಹಣಿ ತಿದ್ದುಪಡಿ, ಅತ್ತೆಯ ಕಣ್ಣಿನ ಪೊರೆಯ ಆಪರೇಷನ್, ಇವೆಲ್ಲ ಅರ್ಧಕ್ಕೆ ನಿಂತಿರುತ್ತವೆ, ಒಂದೊಂದರ ಕಾಗದವೂ ಒಂದೊಂದು ಡ್ರಾಯರಿನಲ್ಲಿ. ನಿತ್ಯಕ್ಕೆ ಪೂರ್ಣತೆ, ಕಾಮ್ಯಕ್ಕೆ ಆದಷ್ಟು. ಕಚೇರಿಯಲ್ಲೂ ಇದೇ ಕತೆ. ಡಾಕಿನ ಮೇಲಿನ ಷರಾ ಮೂರು ಸಲ ತಿದ್ದಿ ಬರೆದವರ ವಾರ್ಷಿಕ ವರದಿ ಮಾರ್ಚ್ 31ರ ಹಿಂದಿನ ರಾತ್ರಿ ಹೊಲಿಗೆ ಬಿಟ್ಟುಕೊಂಡು ಬರುತ್ತದೆ.

ಸಾಂಗವಾಗಿ ಮಾಡುವುದು ಎಂದರೆ ಏನು ಎಂದು ನೋಡಬೇಕಾದರೆ ಉಡುಪಿಯ ಪರ್ಯಾಯವನ್ನು ನೋಡಬೇಕು. ಎಂಟು ಮಠಗಳಿಗೆ ಸರದಿಯ ಮೇಲೆ ಎರಡೆರಡು ವರ್ಷದ ಕೃಷ್ಣಪೂಜೆ. ಮೊದಲು ಎರಡು ತಿಂಗಳಿದ್ದ ಅವಧಿಯನ್ನು ಎರಡು ವರ್ಷ ಮಾಡಿದವರು ಸೋದೆಯ ವಾದಿರಾಜರು. ಒಂದು ಮಠಕ್ಕೆ ಮತ್ತೆ ಸರದಿ ಬರಲು 16 ವರ್ಷ. ಹಸ್ತಾಂತರ ಜನವರಿ 18ರಂದು, ಆದರೆ ತಯಾರಿ ಅದಕ್ಕಿಂತ ವರ್ಷದಷ್ಟು ಮೊದಲೇ ಬಾಳೆ ಮುಹೂರ್ತದಿಂದ ಆರಂಭ. ಊಟಕ್ಕೆ ಎಲೆ ಬೇಕಲ್ಲ, ಆದ್ದರಿಂದ ಮೊದಲು ಬಾಳೆ ನೆಡಬೇಕು. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಸೌದೆಯನ್ನು ರಥದ ಆಕಾರದಲ್ಲಿ ಒಟ್ಟುತ್ತಾರೆ. ಕೊನೆಗೆ ಇಳಿಯುವ ಸ್ವಾಮಿಗಳು ಏರುವ ಸ್ವಾಮಿಗಳಿಗೆ ಅಕ್ಷಯಪಾತ್ರೆ, ಸಟ್ಟುಗ ಮತ್ತು ಬೀಗದ ಕೈ ಒಪ್ಪಿಸುತ್ತಾರೆ. ಅಧಿಕಾರ ಎಂದರೆ ಅನ್ನದ ಸಟ್ಟುಗ ಹಿಡಿಯುವುದು ಎಂದು ಅಲ್ಲಿ ಯಾರೂ ಭಾಷಣ ಮಾಡಬೇಕಿಲ್ಲ. ಪರ್ಯಾಯದ ಗದ್ದಲ ಎಷ್ಟೇ ಇರಲಿ, ಒಳಗೆ ಕೃಷ್ಣನ ದಿನದ ಪೂಜೆ ತನ್ನ ಪಾಡಿಗೆ ಸಾಗುತ್ತದೆ. ದೊಡ್ಡದಕ್ಕೆ ವರ್ಷದ ಮೊದಲೇ ಬಾಳೆ ನೆಟ್ಟದ್ದರಿಂದಲೇ ಅದು ದಿನದ ಪೂಜೆಯ ಮೇಲೆ ಬಿದ್ದು ಕೆಡಿಸುವುದಿಲ್ಲ.

ಇನ್ನು ಪ್ರತಿನಿಧಿಯ ಪ್ರಶ್ನೆ. ಯಾಗಕ್ಕೆ ಹೇಳಿದ ಭತ್ತ ಸಿಗದಿದ್ದರೆ ನೀವಾರ ಎಂಬ ಕಾಡುಭತ್ತ ನಡೆಯುತ್ತದೆ, ಸೋಮಲತೆ ಸಿಗದಿದ್ದರೆ ಪೂತೀಕ. ವಸ್ತುವಿಗೆ ಬದಲಿಯುಂಟು. ದೇವತೆಗೆ, ಮಂತ್ರಕ್ಕೆ, ಕ್ರಿಯೆಗೆ ಬದಲಿಯಿಲ್ಲ. ಯಜಮಾನನಿಗೂ ಇಲ್ಲ. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪನ್ನು ಬಾಗಿಲಿಗೆ ತರಿಸುವ ಈ ಕಾಲದಲ್ಲಿ ನನ್ನನ್ನು ಹೆಚ್ಚು ಕಾಡುವ ನಿಯಮ ಇದು. ನಮ್ಮ ಸೊಸೈಟಿಯ ಗೇಟಿನಲ್ಲಿ ಬೆಳಿಗ್ಗೆ ಏಳಕ್ಕೆ ನಿಂತರೆ ತ್ರಿಲೋಕಪುರಿ, ಚಿಲ್ಲಾ ಗ್ರಾಮದ ಕಡೆಯಿಂದ ಹೆಂಗಸರು ಸಾಲಾಗಿ ಬರುವುದು ಕಾಣುತ್ತದೆ. ಒಬ್ಬೊಬ್ಬರು ನಾಲ್ಕೈದು ಮನೆಯ ನಿತ್ಯವನ್ನು ಮಾಡಿ, ತಮ್ಮ ಮನೆಯ ನಿತ್ಯಕ್ಕೆ ಹಿಂದಿರುಗುತ್ತಾರೆ. ಅವರು ಒಳಗೆ ಬಂದ ಮೇಲೆ ನಾವು ಬ್ಲೂ ಲೈನ್ ಮೆಟ್ರೊ ಹಿಡಿದು, ಯಮುನೆ ದಾಟಿ, ನಮ್ಮ ನಮ್ಮ ಕಾಮ್ಯಕ್ಕೆ ಹೋಗುತ್ತೇವೆ. ನಾನು ಸಮಯಕ್ಕೆ ಸರಿಯಾಗಿ ವರದಿ ಕೊಡುವವಳು ಎಂದು ಕಚೇರಿಯಲ್ಲಿ ಹೆಸರಿದೆ. ಆ ಹೆಸರಿನ ಒಂದು ಪಾಲು ನಮ್ಮ ಮನೆಗೆ ಬರುವ ದೀದಿಯದು. ಅವಳಿಗೆ ಸಂಬಳ ಕೊಡುವುದು ಸರಿ, ವಾರಕ್ಕೊಂದು ರಜೆಯೂ ಸರಿ. ಆದರೆ ಅವಳು ಬಂದಳೆಂದು ಮನೆಯ ನಿತ್ಯದ ಹೊಣೆ ನಮ್ಮಿಂದ ಇಳಿದುಹೋಗುವುದಿಲ್ಲ.

ಮನೆಯೊಳಗೂ ಇದೇ ಲೆಕ್ಕ. ಯಾಗದ ಅಧಿಕಾರ ಗಂಡಸಿಗೆ ಮಾತ್ರ ಎಂದು ಐತಿಶಾಯನ ಎಂಬೊಬ್ಬನ ವಾದ. ಜೈಮಿನಿ ಬಾದರಾಯಣನ ಮತವನ್ನು ಎತ್ತಿ ಹಿಡಿದು ಅದನ್ನು ತಳ್ಳಿಹಾಕುತ್ತಾನೆ. ಗಂಡ ಹೆಂಡತಿ ಇಬ್ಬರೂ ಕೂಡಿ ಯಜಮಾನರು. ಮಂತ್ರ ಹೇಳುವ ಪಾಲು ಮಾತ್ರ ಅವನಿಗೇ ಹೆಚ್ಚು ಉಳಿಯಿತು, ಅದು ಬೇರೆ ಮಾತು. ಇದನ್ನು ನಾನು ಇವರಿಗೆ ಓದಿ ಹೇಳಿದಾಗ "ಹಾಗಾದರೆ ನನ್ನ ಪಾಲು ಯಾವುದು?" ಎಂದು ಕೇಳಿದರು. ಈಗ ಮೋಟಾರ್, ಹಾಲು, ದೋಸೆ ಹಿಟ್ಟು ರುಬ್ಬುವುದು ಅವರವು. ಹಿಟ್ಟು ಒಮ್ಮೆ ತರಿಯಾಗುತ್ತದೆ, ಒಮ್ಮೆ ನೀರಾಗುತ್ತದೆ. ನಿತ್ಯವಲ್ಲವೇ, ಯಥಾಶಕ್ತಿ ಎಂದು ಯಾರೂ ತುಟಿ ಬಿಚ್ಚುವುದಿಲ್ಲ.

ವೇದದ ಯಾಗಕ್ಕೆ ಹೇಳಿದ್ದನ್ನು ಕುಕ್ಕರಿಗೂ ಫೈಲಿಗೂ ಎಳೆದು ತರುವುದು ಎಷ್ಟು ಸರಿ ಎಂದು ಪಂಡಿತರು ಕೇಳಬಹುದು. ನಮ್ಮ ನಾಡಿನಲ್ಲಿ ಹಾಗೆ ಎಳೆದು ತಂದವರು ಹನ್ನೆರಡನೇ ಶತಮಾನದಲ್ಲೇ ಇದ್ದರು. ಹಗ್ಗ ಹೊಸೆಯುವುದೂ ಬಟ್ಟೆ ಒಗೆಯುವುದೂ ಪೂಜೆಗಿಂತ ಕಡಿಮೆಯಲ್ಲ ಎಂದ ಶರಣರು ಯಜ್ಞವನ್ನೇ ಬಿಟ್ಟರು, ಅದರ ಶಿಸ್ತನ್ನು ಮಾತ್ರ ಕೆಲಸಕ್ಕೆ ತಂದರು. ಅವರಲ್ಲಿ ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಬಂದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕತೆ ಮೀಮಾಂಸಕರು ಕೇಳದೆ ಬಿಟ್ಟ ಒಂದು ಪ್ರಶ್ನೆಯನ್ನು ಕೇಳುತ್ತದೆ. ಬಸವಣ್ಣನ ಮಹಾಮನೆಯಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ನಮಗೆ ಬೇಕಾದದ್ದು ಇಷ್ಟಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ವಾಪಸು ಕಳಿಸಿದಳು.

ಕೆಲಸವನ್ನು ಚುರುಕಾಗಿ ಮುಗಿಸುವ ಉಪಾಯ ಹೇಳುವವರೆಲ್ಲ ಉಳಿದ ಸಮಯವನ್ನು ಇನ್ನಷ್ಟು ಕೆಲಸಕ್ಕೆ ಹಾಕಿ ಎನ್ನುತ್ತಾರೆ. ಮೆಟ್ರೊ ನಮ್ಮ ಕಡೆಗೆ ಬಂದದ್ದು 2009ರಲ್ಲಿ. ಬಸ್ಸಿನಲ್ಲಿ ಐಟಿಒ ಸೇತುವೆಯ ಮೇಲೆ ಕಳೆಯುತ್ತಿದ್ದ ಹೊತ್ತು ಉಳಿಯಿತು. ಉಳಿದದ್ದು ಮನೆಗೆ ಬರಲಿಲ್ಲ. ಕಚೇರಿಯಲ್ಲಿ ಇನ್ನೊಂದು ಫೈಲು ನೋಡಲು ಹೋಯಿತು. ಲಕ್ಕಮ್ಮನಂಥವಳು ಬಾಗಿಲಲ್ಲಿ ನಿಂತು ಕೇಳದಿದ್ದರೆ ಹೆಚ್ಚಾದ ಅಕ್ಕಿ ಹೆಚ್ಚು ಎಂದು ಗೊತ್ತಾಗುವುದೇ ಇಲ್ಲ. ಎಷ್ಟು ಕಾಮ್ಯ ಸಾಕು ಎಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ, ಮನೆಯವರೇ ಹೇಳಬೇಕು.

ಮಗನ ಪಟ್ಟಿ ಈಗಲೂ ಇದೆ, ಸಣ್ಣದಾಗಿದೆ. ಅದರಲ್ಲಿ ಏಕಕಾಲಕ್ಕೆ ಎರಡು ಮೂರು ಕಾಮ್ಯಕ್ಕಿಂತ ಹೆಚ್ಚು ಬರೆಯಬಾರದು. ಬರೆದದ್ದಕ್ಕೆ ತಾರೀಖು, ಹಣ, ಹೋಗಿ ಬರುವವರು ಯಾರು, ಎಲ್ಲ ಅಂಗವೂ ಜತೆಗಿರಬೇಕು. ಅತ್ತೆಯ ಕಣ್ಣಿನ ಆಪರೇಷನ್ ಹಾಗೆಯೇ ಆಯಿತು. ನಿತ್ಯ ಅಲ್ಲಿಲ್ಲ, ಅದು ಕೈಗಳಿಗೆ ಹಂಚಿಹೋಗಿದೆ, ಮಗನ ಕೈಗೂ. ಮನೆ ವ್ಯವಸ್ಥಿತವಾಗಿದೆಯೇ ಎಂದು ತಿಳಿಯಲು ಕಪಾಟು ತೆರೆದು ನೋಡಬೇಕಿಲ್ಲ. ಆ ಮನೆಯಲ್ಲಿ ಯಾರಾದರೂ ಒಬ್ಬರು ಜ್ವರ ಬಂದು ಮೂರು ದಿನ ಮಲಗಿದರೆ ಹೊತ್ತಿಗೆ ಅನ್ನವಾಗುತ್ತದೆಯೇ, ಅಜ್ಜಿಗೆ ಮಾತ್ರೆ ಸಿಗುತ್ತದೆಯೇ ಎಂದು ಕೇಳಿದರೆ ಸಾಕು. ಇಲ್ಲ ಎಂದಾದರೆ, ಎಲ್ಲ ಎಷ್ಟೇ ಓರಣವಾಗಿ ಕಂಡರೂ, ಅಲ್ಲಿ ಒಬ್ಬರು ಮಾತ್ರ ಯಜಮಾನರಾಗಿದ್ದಾರೆ, ಉಳಿದವರು ಅತಿಥಿಗಳು.