ಪೆಟ್ಟಿಗೆ ಹಾಡಿದರೆ ಹೊಗಳಿಕೆ ಯಾರಿಗೆ?

ಯೌವನಸ್ಥರ ಕೂಟದಲ್ಲಿ ಇವತ್ತು ನೀವೇ ಮಾತಾಡಿ ಅಂತ ಪಾಸ್ಟರ್ ಹೇಳಿದರು. ನಾನು ಪ್ರಸಂಗಿ ಅಲ್ಲ, ಆರಾಧನೆಯಲ್ಲಿ ಹಾಡು ನಡೆಸುವವನು. ಹಾಗಾಗಿ ಹಾಡಿನ ವಿಷಯದಲ್ಲೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ನನ್ನ ಮೈಕ್ ಸ್ಟ್ಯಾಂಡಿನ ಕೆಳಗೆ ಒಂದು ಚಿಕ್ಕ ಪೆಟ್ಟಿಗೆ ಇರುತ್ತಿತ್ತು. ಗಿಟಾರ್ ಪೆಡಲ್ ಅಂತ ನೀವು ಅಂದುಕೊಂಡಿರಬಹುದು. ಅದು ಹಾಡುವವರ ಪೆಡಲ್. ನಾವು ಹಾಡುತ್ತಿರುವಾಗಲೇ ನಮ್ಮ ಧ್ವನಿಯನ್ನು ಕೇಳಿಸಿಕೊಂಡು ತಾನೇ ಹೊಂದಿಸುತ್ತಾ ಹೋಗುತ್ತದೆ. ಮೆಲ್ಲಗೆ ಹಾಡಿದರೆ ಎತ್ತುತ್ತದೆ, ಜೋರಾದರೆ ತಗ್ಗಿಸುತ್ತದೆ, 'ಸ', 'ಶ' ಕಿವಿಗೆ ಚುಚ್ಚಿದರೆ ಅಷ್ಟನ್ನು ಮಾತ್ರ ಮೆತ್ತಗೆ ಮಾಡುತ್ತದೆ. ಇನ್ನೊಂದು ಬಟನ್ ಒತ್ತಿದರೆ ಶ್ರುತಿ ತಪ್ಪಿದ್ದನ್ನೂ ಸರಿಮಾಡುತ್ತದೆ.

ಶ್ರುತಿ ಸರಿಮಾಡುವ ಆಟೋ-ಟ್ಯೂನ್ ಸಾಫ್ಟ್‌ವೇರ್ ಹೊರಬಂದದ್ದು 1997ರಲ್ಲಿ. ಅದನ್ನು ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಮೊದಲು ಭೂಮಿಯೊಳಗಿನ ಅಲೆಗಳನ್ನು ಓದಿ ತೈಲ ಹುಡುಕುವ ಕೆಲಸದಲ್ಲಿದ್ದವರು. 1998ರಲ್ಲಿ ಗಾಯಕಿ ಶೇರ್ ಅವರ 'ಬಿಲೀವ್' ಹಾಡಿನಲ್ಲಿ ಅದನ್ನು ಬೇಕಂತಲೇ ಎದ್ದು ಕಾಣುವ ಹಾಗೆ ಬಳಸಿದರು. ರೋಬೋ ಹಾಡಿದ ಹಾಗೆ ಕೇಳಿಸುತ್ತದೆ. ಅಲ್ಲಿ ಮೋಸ ಏನೂ ಇಲ್ಲ, ಕಿವಿ ಇದ್ದವರಿಗೆಲ್ಲಾ ಗೊತ್ತಾಗುತ್ತದೆ. ಆದರೆ ಅದೇ ಕೆಲಸವನ್ನು ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಮಾಡುವ ಹಾಗೆ ಇಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ನಾನು ಇಟ್ಟದ್ದು ಹಾಗೆ.

ಎರಡು ವರ್ಷ ಹಾಗೇ ನಡೀತು. "ಬ್ರದರ್, ನಿಮ್ಮ ಶ್ರುತಿ ಒಂದು ದಿನವೂ ತಪ್ಪಲ್ಲ" ಅಂತ ಯಾರಾದರೂ ಹೇಳಿದರೆ, "ಎಲ್ಲಾ ದೇವರ ಕೃಪೆ" ಅಂತ ಹೇಳಿ ಕೈ ಮುಗಿಯುತ್ತಿದ್ದೆ. ಪೆಟ್ಟಿಗೆಯ ಹೆಸರು ಬಾಯಿಗೆ ಬರಲೇ ಇಲ್ಲ. ದೇವರ ಕೃಪೆಯನ್ನೇ ನನ್ನ ಸುಳ್ಳಿಗೆ ಮುಚ್ಚಳ ಮಾಡಿಕೊಂಡೆ.

ಒಂದು ಭಾನುವಾರ ಹಾಡು ಡಿ ಮೇಜರ್‌ನಲ್ಲಿ ಶುರುವಾಯಿತು. ಕೊನೆಗೆ ಉತ್ಸಾಹದಲ್ಲಿ ಇ ಮೇಜರ್‌ಗೆ ಏರಿಸಿದೆವು. ಪೆಟ್ಟಿಗೆ ಮಾತ್ರ ಡಿ ಮೇಜರ್‌ನಲ್ಲೇ ಇತ್ತು. ನಾನು ಸರಿಯಾಗಿ ಜಿ ಶಾರ್ಪ್ ಹಾಡಿದರೂ, ಅದು ತನ್ನ ಸ್ಕೇಲಿನಲ್ಲಿ ಇಲ್ಲ ಅಂತ ಪಕ್ಕದ ಸ್ವರಕ್ಕೆ ಎಳೆಯುತ್ತಿತ್ತು. ಸರಿಯಾಗಿ ಹಾಡಿದ್ದೇ ತಪ್ಪಾಗಿ ಕೇಳಿಸಿತು! ಕೆಲವರು ನಕ್ಕರು. ಮನೆಗೆ ಹೋಗಿ ನಾನೂ ನಕ್ಕೆ.

ಆದರೆ ಆ ವಾರ ಒಬ್ಬ ತಂಗಿ ಬಂದು, "ಅಣ್ಣಾ, ಅದೇನು ಸೌಂಡು?" ಅಂತ ಕೇಳಿದಳು. ಮುಂಚೆ ನಮ್ಮ ಟೀಮಿನಲ್ಲೇ ಹಾಡುತ್ತಿದ್ದವಳು. ಇದ್ದದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳಂದಳು: "ನೀವು ಯಾವತ್ತೂ ತಪ್ಪಲ್ಲ, ನಾನು ಪ್ರತಿ ಹಾಡಲ್ಲೂ ತಪ್ತೀನಿ. ನನಗೆ ಈ ವರ ಇಲ್ಲ ಅಂತ ಟೀಮ್ ಬಿಟ್ಟೆ. ಆಗಲೇ ಹೇಳಬಹುದಿತ್ತಲ್ಲಾ ಅಣ್ಣಾ?"

ಅವತ್ತು ನನಗೆ ನಗು ಬರಲಿಲ್ಲ.

ಹಾಗಾದರೆ ಪೆಟ್ಟಿಗೆಯೇ ಪಾಪವಾ? ಅವಸರ ಬೇಡ. ಮೈಕ್ ಕೂಡ ಯಂತ್ರವೇ. ಹಿಂದಿನ ಸಾಲಿನ ಅಜ್ಜಿಗೆ ಮಾತು ಸ್ಪಷ್ಟವಾಗಿ ಕೇಳಿಸಲಿ ಅಂತ ಧ್ವನಿ ಹೊಂದಿಸುವುದು ಪ್ರೀತಿಯ ಕೆಲಸ. ನಾನು ಶ್ರುತಿ ತಪ್ಪಿ ಸಭೆಯನ್ನೆಲ್ಲಾ ತಡವರಿಸುವ ಹಾಗೆ ಮಾಡಿದರೆ ಅದೇನು ದೊಡ್ಡ ಭಕ್ತಿ ಅಲ್ಲ. ಗಂಟಲು ಕೆಟ್ಟ ದಿನ ಒಬ್ಬರು ಈ ಸಹಾಯ ತಗೊಂಡರೆ ನಾನು ಬೆರಳು ತೋರಿಸುವುದಿಲ್ಲ.

ಅಪೊಸ್ತಲರ ಕೃತ್ಯಗಳು 5ನೇ ಅಧ್ಯಾಯದ ಅನನೀಯ, ಸಪ್ಫೈರರನ್ನು ನೆನಪು ಮಾಡಿಕೊಳ್ಳಿ. ಹೊಲ ಅವರದೇ, ಮಾರಿದ ಹಣವೂ ಅವರ ಕೈಯಲ್ಲೇ ಇತ್ತು. ಪೇತ್ರನೇ ಅದನ್ನು ಒಪ್ಪುತ್ತಾನೆ. ಸ್ವಲ್ಪ ಇಟ್ಟುಕೊಂಡದ್ದಕ್ಕೆ ಅವರಿಗೆ ಶಿಕ್ಷೆಯಾಗಲಿಲ್ಲ. ಒಂದು ಪಾಲು ತಂದು, ಪೂರ್ತಿ ತಂದವರ ಹಾಗೆ ನಿಂತರಲ್ಲ, ಅದು ತಪ್ಪು. ನಾನೂ ಹಾಗೆಯೇ ನಿಂತೆ. ಸಹಾಯ ತಗೊಂಡದ್ದು ತಪ್ಪಲ್ಲ. ಸಹಾಯ ಇಲ್ಲದವನ ಹಾಗೆ ಹೊಗಳಿಕೆ ತಗೊಂಡದ್ದು ತಪ್ಪು. ಆ ಸುಳ್ಳಿನ ಬೆಲೆ ಕೊಟ್ಟವಳು ನನ್ನ ತಂಗಿ.

ನಮ್ಮ ಫೋಟೋ ಫಿಲ್ಟರಿಗೂ, ಕೆಲಸಕ್ಕೆ ಕಳಿಸುವ ರೆಸ್ಯೂಮೆಗೂ ಇದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ನೋಡಿ ಯಾರು ತಮ್ಮನ್ನು ಅಳೆದುಕೊಳ್ಳುತ್ತಿದ್ದಾರೆ? ಅವರು ಕೇಳಿದರೆ ನಾನು ನಿಜ ಹೇಳುತ್ತೇನಾ?

ಈಗ ಧ್ವನಿ ಹೊಂದಿಸುವ ಭಾಗ ಹಾಗೇ ಇದೆ, ಶ್ರುತಿಯ ಬಟನ್ ಆಫ್ ಮಾಡಿದ್ದೇನೆ. ನಮ್ಮ ಹಾಡುಗಳಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಎಳೆತಗಳನ್ನು ಅದು ಮೆಟ್ಟಿಲು ಮಾಡಿಬಿಡುತ್ತಿತ್ತು, ಅದೂ ಈಗ ನಿಂತಿದೆ. ಹೌದು, ನಾನು ತಪ್ಪುತ್ತೇನೆ. ಕಳೆದ ವಾರ ನೀವೇ ಕೇಳಿಸಿಕೊಂಡಿರಿ. ಆ ತಂಗಿ ಇನ್ನೂ ಟೀಮಿಗೆ ವಾಪಸ್ ಬಂದಿಲ್ಲ. ಕ್ಷಮೆ ಕೇಳಿದ್ದೇನೆ, ಬರಲೇಬೇಕು ಅಂತ ಕೇಳುವ ಹಕ್ಕು ನನಗಿಲ್ಲ.

ಕಣ್ಣು ಮುಚ್ಚೋಣ. ನಮ್ಮದಲ್ಲದ ಯಾವ ಹೊಗಳಿಕೆಯನ್ನು ನಾವು ಇಟ್ಟುಕೊಂಡಿದ್ದೇವೆ ಅಂತ ಕರ್ತನ ಮುಂದೆ ಹೇಳಿ ಪ್ರಾರ್ಥಿಸೋಣ. ಆಮೆನ್.