ಹೊರಗೆ ಉಳಿದವರ ಪಾಳಿ

ಬೇಸಿಗೆ ರಜೆ ಬಂತೆಂದರೆ ಮೈಸೂರು–ಸಾಯಿನಗರ ಶಿರಡಿ ಎಕ್ಸ್‌ಪ್ರೆಸ್‌ನಲ್ಲೂ ಕೋಪರ್‌ಗಾಂವ್‌ನಲ್ಲಿ ನಿಲ್ಲುವ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲೂ ಕನ್ನಡದ ಕುಟುಂಬಗಳದ್ದೇ ಗದ್ದಲ. ಹೋಗುವ ಊರುಗಳ ಪಟ್ಟಿ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ. ಶಿರಡಿಯಲ್ಲಿ ಬಾಬಾ ದರ್ಶನ, ನಾಶಿಕದಲ್ಲಿ ಪಂಚವಟಿ, ಪಕ್ಕದ ತ್ರ್ಯಂಬಕೇಶ್ವರ, ಮತ್ತೆ ಪೂರ್ವಕ್ಕೆ ತಿರುಗಿ ಛತ್ರಪತಿ ಸಂಭಾಜಿನಗರದ ಕಡೆಯ ಘೃಷ್ಣೇಶ್ವರ, ಎಲ್ಲೋರ. ಒಂದು ದಿನ ಮಿಕ್ಕರೆ ಅಜಂತಾ. ದೇವಸ್ಥಾನ, ಗುಹೆ ಅಂತ ಮಕ್ಕಳು ಮುಖ ಸಿಂಡರಿಸದಿರಲಿ ಎಂದು ನಡುವೆ ಶಿರಡಿಯ ವೆಟ್‌ ಎನ್‌ ಜಾಯ್‌ ವಾಟರ್‌ ಪಾರ್ಕಿಗೊಂದು ಮಧ್ಯಾಹ್ನ.

ಈಗ ಈ ಪಟ್ಟಿಯ ಬೆನ್ನಿಗೆ ಬುಕಿಂಗ್ ಬಂದಿದೆ. ಸಾಯಿ ಸಂಸ್ಥಾನದ ದರ್ಶನಕ್ಕೆ ಆನ್‌ಲೈನ್ ಸ್ಲಾಟು, ತ್ರ್ಯಂಬಕೇಶ್ವರದಲ್ಲಿ 200 ರೂಪಾಯಿಯ ಪಾಸು, ವಾಟರ್ ಪಾರ್ಕಿಗೆ ಮುಂಗಡ ಟಿಕೆಟ್ಟು. ಅಪ್ಪನ ಫೋನಿನ ತುಂಬ ಕ್ಯೂಆರ್ ಕೋಡುಗಳು. ಬುಕ್ ಮಾಡುವುದು ತಪ್ಪಲ್ಲ. ಮಗುವನ್ನು ಎತ್ತಿಕೊಂಡು ಬಿಸಿಲಲ್ಲಿ ಕ್ಯೂ ನಿಲ್ಲುವ ಕಷ್ಟ ಅದರಿಂದ ತಪ್ಪುತ್ತದೆ. ಆದರೆ ಎರಡೂವರೆ ವರ್ಷದ ಮಗುವಿಗೆ ಅದರದ್ದೇ ವೇಳಾಪಟ್ಟಿ ಇರುತ್ತದೆ. ಹನ್ನೊಂದರ ಸ್ಲಾಟಿಗೆ ಸರಿಯಾಗಿ ಹತ್ತೂ ಮುಕ್ಕಾಲಿಗೆ ಅದು ಅಪ್ಪನ ಹೆಗಲ ಮೇಲೆ ನಿದ್ದೆ ಹೋಗುತ್ತದೆ. ಎಬ್ಬಿಸಿದರೆ ಗರ್ಭಗುಡಿ ದಾಟುವವರೆಗೂ ಅಳು. ಎಬ್ಬಿಸದಿದ್ದರೆ ಪಾಸು ದಂಡ.

ವಾಟರ್ ಪಾರ್ಕುಗಳಲ್ಲಿ, ಥೀಮ್ ಪಾರ್ಕುಗಳಲ್ಲಿ ಇದರ ಮೇಲೆ ಎತ್ತರದ ಲೆಕ್ಕ ಬೇರೆ. ನಮ್ಮ ಬಿಡದಿಯ ವಂಡರ್‌ಲಾದಲ್ಲಿ 85 ಸೆಂಟಿಮೀಟರಿಗಿಂತ ಕುಳ್ಳಗಿನ ಮಗುವಿಗೆ ಪ್ರವೇಶ ಉಚಿತ, ಅಲ್ಲಿಂದ 140ರವರೆಗೆ ಮಕ್ಕಳ ದರ. ಒಳಗೆ ಒಂದೊಂದು ರೈಡಿಗೆ ಒಂದೊಂದು ಎತ್ತರದ ಮಿತಿ. ಟಿಕೆಟ್ ಕೌಂಟರಿನ ಮುಂದೆ ಅಳತೆಗೆ ನಿಲ್ಲಿಸುವಾಗ ‘ಸ್ವಲ್ಪ ಮಂಡಿ ಬಗ್ಗಿಸೋ’ ಎಂದು ಪಿಸುಗುಟ್ಟಿದ ತಾಯಿಯೇ, ಗಂಟೆ ಕಳೆದ ಮೇಲೆ ರೈಡಿನ ಅಳತೆಗೋಲಿನ ಎದುರು ‘ಬೆನ್ನು ನೆಟ್ಟಗೆ ಮಾಡೋ, ಕತ್ತೆತ್ತು’ ಎನ್ನುತ್ತಾಳೆ. ಕಾವಲು ನಿಂತ ಹುಡುಗ ದಿನವಿಡೀ ಇದನ್ನೇ ನೋಡಿರುತ್ತಾನೆ. ಮುಖದಲ್ಲಿ ನಗು ಕಾಣಿಸಿಕೊಳ್ಳದಂತೆ ತಲೆಯಾಡಿಸುತ್ತಾನೆ.

ಅಕ್ಕನಿಗೆ ಎಂಟು, ತಮ್ಮನಿಗೆ ಮೂರು ಎಂದಿಟ್ಟುಕೊಳ್ಳಿ. ಅಕ್ಕ ರೈಡಿಗೆ ಹೋಗಬಹುದು, ತಮ್ಮ ಹೋಗುವ ಹಾಗಿಲ್ಲ. ಅಕ್ಕನ ಜತೆ ಒಬ್ಬರು ಹತ್ತಬೇಕು, ತಮ್ಮನ ಜತೆ ಒಬ್ಬರು ಕೂರಬೇಕು. ‘ನೀವು ಹೋಗ್ಬನ್ನಿ, ಇವನನ್ನ ನಾನು ನೋಡ್ಕೋತೀನಿ.’ ಈ ಮಾತು ಯಾರದ್ದೆಂದು ಹೇಳಬೇಕಾಗಿಲ್ಲ. ‘ಮುಂದಿನ ಸಲ ನೀನು ಹೋಗು’ ಎಂದು ಗಂಡ ಹೇಳುವುದೂ ಸುಳ್ಳಲ್ಲ, ಮನಸ್ಸಿನಿಂದಲೇ ಹೇಳಿರುತ್ತಾನೆ. ಆದರೆ ಮುಂದಿನ ಸಲ ಎಂದರೆ ಮತ್ತೆ ಮೊದಲಿನಿಂದ ಕ್ಯೂ. ಅಷ್ಟರಲ್ಲಿ ಮಗುವಿಗೆ ಹಸಿವು, ಒದ್ದೆ ಬಟ್ಟೆ, ನಿದ್ದೆ. ವೇವ್ ಪೂಲಿನ ದಂಡೆಯಲ್ಲಿ ಎಲ್ಲರ ಚಪ್ಪಲಿ, ಟವೆಲ್ಲು, ಕನ್ನಡಕ, ಫೋನು ಕಾಯುತ್ತ ಕೂತ ಆಕೆಯ ಕೈಯಲ್ಲೂ ಪೂರ್ತಿ ಹಣ ಕೊಟ್ಟ ಟಿಕೆಟ್ಟಿನ ಪಟ್ಟಿ ಇರುತ್ತದೆ. ಅಜ್ಜಿ ಜತೆಗಿದ್ದರಂತೂ ಅವರನ್ನು ಕೇಳುವವರೇ ಇಲ್ಲ.

ಡಿಸ್ನಿಯವರ ಪಾರ್ಕುಗಳಲ್ಲಿ ‘ರೈಡರ್ ಸ್ವಿಚ್’ ಎಂಬ ಏರ್ಪಾಡಿದೆ. ಅಪ್ಪ ರೈಡ್ ಮುಗಿಸಿ ಬರುವವರೆಗೆ ಅಮ್ಮ ಮಗುವಿನ ಜತೆ ಹೊರಗಿರುತ್ತಾಳೆ, ಅಪ್ಪ ಬಂದ ಮೇಲೆ ಇಡೀ ಕ್ಯೂ ನಿಲ್ಲದೆ ಆಕೆ ಹೋಗಬಹುದು. ಇದಕ್ಕೆ ಹೆಚ್ಚಿನ ದುಡ್ಡಿಲ್ಲ. ಮಗುವಿನ ಪಕ್ಕ ಕೂತು ಕಾದದ್ದನ್ನೂ ಕ್ಯೂನಲ್ಲಿ ನಿಂತದ್ದೆಂದೇ ಎಣಿಸಿದರಲ್ಲ, ನನಗೆ ಹಿಡಿಸಿದ್ದು ಆ ಲೆಕ್ಕಾಚಾರ. ಅದೇ ಡಿಸ್ನಿಯವರು 1999ರಲ್ಲಿ ಶುರುಮಾಡಿದ ಫಾಸ್ಟ್‌ಪಾಸ್ ಮೊದಲು ಪುಕ್ಕಟೆ ಇತ್ತು. 2021ರಲ್ಲಿ ಅದರ ಜಾಗಕ್ಕೆ ಕಾಸು ಕೊಟ್ಟು ಕ್ಯೂ ತಪ್ಪಿಸುವ ವ್ಯವಸ್ಥೆ ಬಂತು. ನಾವು ಕಲಿತದ್ದು ಈ ಎರಡನೆಯದನ್ನು. ವಂಡರ್‌ಲಾದ ಫಾಸ್ಟ್‌ಟ್ರ್ಯಾಕ್ ಆಗಲಿ, ನಾಶಿಕದವರು ಮಕ್ಕಳನ್ನು ಕರೆದೊಯ್ಯುವ ಖೋಪೋಲಿಯ ಇಮ್ಯಾಜಿಕಾದ ಎಕ್ಸ್‌ಪ್ರೆಸ್ ಆಗಲಿ, ಹೆಚ್ಚು ಕೊಟ್ಟವರಿಗೆ ಬೇಗ ಬಿಡುವ ಬಾಗಿಲುಗಳೇ. ದುಡ್ಡಿದ್ದವರು ಕ್ಯೂ ತಪ್ಪಿಸಿದರೆ ಯಾರೂ ಗೊಣಗುವುದಿಲ್ಲ. ಕೂಸು ಹೊತ್ತವಳು ‘ಒಂಚೂರು ಮುಂದೆ ಬಿಡ್ತೀರಾ’ ಎಂದರೆ ಹಿಂದಿನಿಂದ ನಾಲ್ಕು ಕಂಠ ಏಳುತ್ತವೆ.

ಹಾಗಂತ ನಮ್ಮಲ್ಲಿ ಮಾದರಿಯೇ ಇಲ್ಲವೆಂದಲ್ಲ. ತಿರುಮಲದಲ್ಲಿ ವರ್ಷದೊಳಗಿನ ಕೂಸಿದ್ದ ತಂದೆತಾಯಿಗೆ ಸುಪಥಂ ಬಾಗಿಲಿನಿಂದ ಉಚಿತ ಪ್ರವೇಶವಿದೆ. ಎಷ್ಟೋ ಮಂದಿಗೆ ಗೊತ್ತಿಲ್ಲದೆ ಕೂಸನ್ನು ಕಟ್ಟಿಕೊಂಡೇ ಕಂಪಾರ್ಟ್‌ಮೆಂಟಿನಲ್ಲಿ ಗಂಟೆಗಟ್ಟಲೆ ಕೂರುತ್ತಾರೆ.

ಅಜಂತಾ ಮತ್ತು ಎಲ್ಲೋರ ಎರಡನ್ನೂ ಪಟ್ಟಿಗೆ ಹಾಕುವವರು ಒಂದು ಸಲ ಕೂತು ಯೋಚಿಸಬೇಕು. ಅಜಂತಾಕ್ಕೆ ಸೋಮವಾರ ರಜೆ, ಎಲ್ಲೋರಕ್ಕೆ ಮಂಗಳವಾರ. ಭಾನುವಾರ ಶಿರಡಿ ಮುಗಿಸಿ ಸೋಮವಾರ ಅಜಂತಾದ ದಾರಿ ಹಿಡಿಯುವವರು ಇಂದಿಗೂ ಇದ್ದಾರೆ. ಅಜಂತಾದಲ್ಲಿ ಸ್ವಂತ ಗಾಡಿ ಫರ್ದಾಪುರದ ಕೂಡುರಸ್ತೆಯಲ್ಲೇ ನಿಲ್ಲಬೇಕು. ಅಲ್ಲಿಂದ ಸುಮಾರು 4 ಕಿ.ಮೀ. ಬಸ್ಸು, ಬಸ್ಸಿಗೆ ಕ್ಯೂ, ಆಮೇಲೆ ಮೆಟ್ಟಿಲು, ಚಿತ್ರಗಳಿರುವ ಗುಹೆಗಳ ಹೊರಗೆ ಚಪ್ಪಲಿ ಕಳಚಿ ಗುಂಪು ಗುಂಪಾಗಿ ಒಳಗೆ. ಒಂದನೆಯ ಗುಹೆಯ ಮಂದ ಬೆಳಕಿನಲ್ಲಿ ಪದ್ಮಪಾಣಿಯ ಮುಖಕ್ಕೆ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಕೂಸು ಹೊರಗೆ ಹೋಗೋಣ ಎಂದು ಎಳೆಯುತ್ತದೆ. ನನ್ನನ್ನು ಕೇಳಿದರೆ ಮೂರು ವರ್ಷದೊಳಗಿನ ಮಗುವಿದ್ದವರು ಅಜಂತಾವನ್ನು ಇನ್ನೊಂದು ರಜೆಗೆ ಇಟ್ಟುಕೊಳ್ಳಲಿ.

ಎಲ್ಲೋರ ಹಾಗಲ್ಲ. ಸಂಭಾಜಿನಗರದಿಂದ 30 ಕಿ.ಮೀ. ಆಸುಪಾಸು, ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ಟಿಲ್ಲ. ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ, ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿದು ಬಿಡಿಸಿದ ಕೈಲಾಸ, ಅಂದರೆ 16ನೆಯ ಗುಹೆ, ಆಕಾಶಕ್ಕೆ ತೆರೆದ ಅಂಗಳ. ಕಲ್ಲಾನೆಯ ಸುತ್ತ ಮಗು ಓಡಬಹುದು. ಮಲಗಿಬಿಟ್ಟರೆ ಒಬ್ಬರು ಎದುರಿನ ಹುಲ್ಲುಹಾಸಿನ ಮೇಲೆ ಕೂತು, ಇನ್ನೊಬ್ಬರು ನೋಡಿ ಬಂದು, ಮತ್ತೆ ಅದಲು ಬದಲಾಗಬಹುದು. ಆದರೆ ಮೊದಲು ಯಾರು, ಆಮೇಲೆ ಯಾರು ಎನ್ನುವುದನ್ನು ಟಿಕೆಟ್ ಬುಕ್ ಮಾಡುವ ರಾತ್ರಿಯೇ ಮನೆಯಲ್ಲಿ ಮಾತಾಡಿಕೊಂಡಿರಬೇಕು. ಅಲ್ಲಿಗೆ ಹೋದ ಮೇಲೆ ಮಾತಾಡಿದರೆ ಉತ್ತರ ಯಾವಾಗಲೂ ‘ಪರವಾಗಿಲ್ಲ, ನೀವು ಹೋಗ್ಬನ್ನಿ’ಯೇ. ದಿನಕ್ಕೆ ಒಂದೇ ಬುಕಿಂಗು, ಅದೂ ಬೆಳಗ್ಗೆ, ಮಧ್ಯಾಹ್ನ ಲಾಡ್ಜಿನ ಫ್ಯಾನಿನ ಕೆಳಗೆ ಎಂದು ಹೊರಟವರಿಗೆ ಅಮ್ಮನ ಪಾಳಿಗೂ ಸಮಯ ಸಿಗುತ್ತದೆ.

2027ಕ್ಕೆ ನಾಶಿಕ–ತ್ರ್ಯಂಬಕದಲ್ಲಿ ಸಿಂಹಸ್ಥ ಕುಂಭಮೇಳ. ಜನ ಇನ್ನೂ ಹೆಚ್ಚು, ಪಾಸುಗಳೂ ಹೆಚ್ಚು. ಪಾಸಿನ ಆ್ಯಪ್ ಮಾಡುವವರು ಅದರಲ್ಲಿ ಒಂದು ಖಾನೆ ಜಾಸ್ತಿ ಇಡಲಿ: ಕೂಸಿನೊಡನೆ ಹೊರಗಿದ್ದೇನೆ, ಜತೆಯವರು ಬಂದ ತಕ್ಷಣ ನನ್ನನ್ನು ಬಿಡಿ.