ಜಾಮೀನುದಾರ ಹೋದ ಮೇಲೆ

ದೇವರನ್ನು ಬಿಟ್ಟವನ ಬಾಳಿಗೆ ಅರ್ಥವಿಲ್ಲ ಎಂಬ ಮಾತು ನಮ್ಮ ಕಡೆಯ ಶ್ರಾವಣದ ಪ್ರವಚನಗಳಲ್ಲಿ ಎಷ್ಟು ಸಲೀಸಾಗಿ ಬಂದುಹೋಗುತ್ತದೆಂದರೆ, ಅದೂ ಒಂದು ವಾದ, ಅದಕ್ಕೂ ಪುರಾವೆ ಬೇಕು ಎಂದು ಕೇಳುವವರಿಗೆ ಹೊಳೆಯುವುದೇ ಇಲ್ಲ. ವಿಚಾರವಾದಿಗಳ ವೇದಿಕೆಯಲ್ಲಿ ಇದರ ಉಲ್ಟಾ ಮಾತು ಅಷ್ಟೇ ಸಲೀಸು: ನಂಬಿಕೆ ಬಿಟ್ಟವನು ಕಳೆದುಕೊಳ್ಳುವುದೇನೂ ಇಲ್ಲ, ಎಲ್ಲ ಬಿಡುಗಡೆಯೇ. ಎರಡೂ ಕಡೆಯವರು ಎಡವುವುದು ಒಂದೇ ಕಲ್ಲಿಗೆ. ಬಾಳಿನ ಅರ್ಥವನ್ನೂ ಆ ಅರ್ಥಕ್ಕೆ ದೇವರು ಕೊಡುವ ಖಾತ್ರಿಯನ್ನೂ ಅವರು ಒಂದೇ ಎಂದುಕೊಂಡಿದ್ದಾರೆ. ಸೊಸೈಟಿ ಸಾಲಕ್ಕೆ ಜಾಮೀನು ನಿಂತವನು ತೀರಿಹೋದರೆ ಸಾಲ ತೀರುವುದಿಲ್ಲ. ಇನ್ನು ಬೆನ್ನಿಗೆ ಯಾರೂ ಇಲ್ಲ, ನಾನೇ ಕಟ್ಟಬೇಕು ಎಂಬುದಷ್ಟೇ ಹೊಸದು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದು, ತೂಕದಲ್ಲಿ ಮೋಸ ಮಾಡದಿರುವುದು, ಹೊಲ ಬೀಳು ಬಿಡದಿರುವುದು ನಂಬಿಕೆ ಹೋದ ಮರುದಿನವೂ ಮಾಡಬೇಕಾದ ಕೆಲಸಗಳೇ. ಇಷ್ಟಕ್ಕೂ ಖಾತ್ರಿ ಹೋಗುವುದು ಸಣ್ಣ ನಷ್ಟವಲ್ಲ, ರಾತ್ರಿ ನಿದ್ದೆಗೆಡಿಸುವಂಥದ್ದು. ಆದರೆ ಆ ನಷ್ಟದ ಹೆಸರು ಬೇರೆ.

ಬದುಕಿನ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟುವ ಪಂಥಗಳನ್ನು ಬಿಟ್ಟವರಲ್ಲಿ ಈ ಭೇದ ಎದ್ದು ಕಾಣುತ್ತದೆ. ಜೋಸೆಫ್ ಸ್ಮಿತ್ 1830ರಲ್ಲಿ ಅಮೆರಿಕದಲ್ಲಿ ಹುಟ್ಟುಹಾಕಿದ ಮಾರ್ಮನ್ ಪಂಥ ಅಂಥದ್ದು. ಬೆಂಗಳೂರಿನಲ್ಲಿ ತನ್ನ ಮಂದಿರ ಕಟ್ಟುವುದಾಗಿ ಅದು 2018ರಲ್ಲಿ ಘೋಷಿಸಿತು. ಆ ಪಂಥದಲ್ಲಿ ದುಡಿದದ್ದರಲ್ಲಿ ಹತ್ತನೇ ಒಂದು ಪಾಲು ಚರ್ಚಿಗೆ, ಹರೆಯದ ಹುಡುಗರು ಎರಡು ವರ್ಷ ಪ್ರಚಾರಕ್ಕೆ, ಚಹಾ ಕಾಫಿ ನಿಷಿದ್ಧ. ಮಂದಿರದಲ್ಲಿ ಬೆಸೆದ ಸಂಸಾರ ಸತ್ತ ಮೇಲೂ ಉಳಿಯುತ್ತದೆ ಎಂಬ ಭರವಸೆ ಇವೆಲ್ಲಕ್ಕಿಂತ ದೊಡ್ಡದು. ಹೀಗಾಗಿ ಮಗ ಪಂಥ ಬಿಟ್ಟರೆ ತಾಯಿಗೆ ಅದು ಅಭಿಪ್ರಾಯಭೇದವಲ್ಲ, ಪರಲೋಕದಲ್ಲೂ ಮಗನನ್ನು ಕಳೆದುಕೊಂಡ ಸಂಕಟ. ಬಿಟ್ಟವನಿಗೆ ಒಂದು ಕಪ್ ಕಾಫಿಯೂ ಬಂಡಾಯ. ಆದರೆ ಅವನು ಕಳೆದುಕೊಂಡದ್ದನ್ನು ಬಿಡಿಸಿ ನೋಡಿದರೆ ಅಲ್ಲಿ ಸಿಗುವುದು ಸಂಸಾರ ಶಾಶ್ವತ ಎಂಬ ಖಾತ್ರಿ ಮತ್ತು ಭಾನುವಾರದ ಜೊತೆಗಾರರು. ಹೆಂಡತಿ ಮಕ್ಕಳ ಮೇಲಿನ ಅಕ್ಕರೆ ಆ ಪಟ್ಟಿಯಲ್ಲಿ ಇರಬೇಕಾಗಿಲ್ಲ.

ನಮ್ಮ ಬಾಗೇವಾಡಿಯದೇ ಕಥೆಯೊಂದನ್ನು ಇಲ್ಲಿ ನೆನೆಯಬೇಕು. ಬಾಲಕ ಬಸವಣ್ಣ ಉಪನಯನವನ್ನೇ ನಿರಾಕರಿಸಿ ಮನೆ ಬಿಟ್ಟ ಎಂಬುದು ಪುರಾಣಗಳ ಜನಪ್ರಿಯ ಕಥನ. ಹರಿಹರನ ಬಸವರಾಜದೇವರ ರಗಳೆ ಬೇರೆಯೇ ಹೇಳುತ್ತದೆ: ತಂದೆತಾಯಿ ತೀರಿಕೊಂಡ ಮೇಲೆ ಅಜ್ಜಿಯ ಆಸರೆಯಲ್ಲಿ ಬೆಳೆದವನಿಗೆ ಉಪನಯನವಾಗುತ್ತದೆ, ಜನಿವಾರ ತೊಟ್ಟು ಬೆಳೆದು, ಆಮೇಲೆ ಅದನ್ನು ಕಿತ್ತೆಸೆದು ಕಪ್ಪಡಿ ಸಂಗಮದ ಹಾದಿ ಹಿಡಿಯುತ್ತಾನೆ. ವೇದಿಕೆಯ ಭಾಷಣಕ್ಕೆ ಮೊದಲ ಕಥೆ ಚೆಂದ, ಚಿಂತನೆಗೆ ಎರಡನೆಯದು. ತೊಡದವನಿಗೆ ಬಿಡುವ ನೋವು ಗೊತ್ತಿರುವುದಿಲ್ಲ.

ಬಸವಣ್ಣ ಬಿಟ್ಟದ್ದು ಕರ್ಮಾಚರಣೆಯನ್ನು, ದೇವರನ್ನಲ್ಲ ಎಂದು ಆಕ್ಷೇಪಿಸಬಹುದು. ಒಪ್ಪಿದೆ. ಕೂಡಲಸಂಗಮದೇವನ ಮುಂದೆ ಕೂತವನನ್ನು ನಾಸ್ತಿಕರ ಸಾಲಿಗೆ ಎಳೆತರುವುದು ಅಪ್ರಾಮಾಣಿಕತೆ. ನನ್ನ ಆಸಕ್ತಿ ಶರಣರು ಬಾಳಿನ ಅರ್ಥವನ್ನು ಎಲ್ಲಿ ಇಟ್ಟರು ಎಂಬುದರಲ್ಲಿ. ಆಯ್ದಕ್ಕಿ ಮಾರಯ್ಯ ಕಾಯಕದ ಹೊತ್ತಿನಲ್ಲಿ ಗುರು ಲಿಂಗ ಜಂಗಮಗಳನ್ನೂ ಹಿಂದಕ್ಕೆ ಸರಿಸಿದವನು. ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುವುದು ಅವನ ಕಾಯಕ. ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಮೆಚ್ಚಲಿಲ್ಲ, ಗದರಿದಳು. ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಲಕ್ಕಮ್ಮ ಶಿವಭಕ್ತೆ, ನಿಜ. ಆದರೆ ಅವಳ ತಕರಾರು ನಿಂತಿರುವುದು ಇವತ್ತಿಗೆ ಇಷ್ಟು ಸಾಕು, ಉಳಿದದ್ದು ಇನ್ನೊಬ್ಬರದು ಎಂಬ ಲೆಕ್ಕದ ಮೇಲೆ. ಶಿವನೇ ಇಲ್ಲ ಎಂದು ನಾಳೆ ಯಾರೋ ಸಾಧಿಸಿದರೂ ಹೆಚ್ಚಾದ ಅಕ್ಕಿ ಹೆಚ್ಚಾದದ್ದೇ, ಅದನ್ನು ಮನೆಯಲ್ಲಿಟ್ಟುಕೊಳ್ಳುವುದು ತಪ್ಪೇ. ಶಿವ ಅವಳ ಮಾತಿಗೆ ಬಲ ಕೊಟ್ಟಿರಬಹುದು. ಮಾತಿನ ತಿರುಳು ಅಕ್ಕಿಯಲ್ಲಿದೆ.

ಟಾಲ್‌ಸ್ಟಾಯ್ ಇದನ್ನು ಒಪ್ಪುತ್ತಿರಲಿಲ್ಲ. ಕನ್ನಡದಲ್ಲಿ ಅವನನ್ನು ಋಷಿಯೆಂದು ಕೊಂಡಾಡುವ ರೂಢಿಯಿದೆ. ನನಗೆ ಅವನ ಕಾದಂಬರಿಗಳು ಸಾಕು. ಐವತ್ತರ ಆಸುಪಾಸಿನಲ್ಲಿ, ಹೆಸರು ಆಸ್ತಿ ಸಂಸಾರ ಎಲ್ಲ ಇದ್ದಾಗಲೇ ಅವನಿಗೆ ಬದುಕು ಬರಿದೆನಿಸಿತು. ನೇಣು ಹಾಕಿಕೊಂಡೇನೆಂದು ಹಗ್ಗ ಬಚ್ಚಿಟ್ಟ, ಬಂದೂಕು ಹಿಡಿದು ಬೇಟೆಗೆ ಹೋಗುವುದನ್ನು ಬಿಟ್ಟ. ಕೊನೆಗೆ ಹಳ್ಳಿಯ ರೈತರನ್ನು ನೋಡಿ, ಇವರು ಕಷ್ಟದಲ್ಲೂ ನೆಮ್ಮದಿಯಿಂದ ಬಾಳುತ್ತಿರುವುದು ನಂಬಿಕೆಯಿಂದ, ನಂಬಿಕೆಯಿಲ್ಲದೆ ಬಾಳುವುದು ಸಾಧ್ಯವೇ ಇಲ್ಲ ಎಂದು ತೀರ್ಮಾನಿಸಿದ. ಜಮೀನ್ದಾರನ ಕಣ್ಣಿಗೆ ರೈತನ ಪ್ರಾರ್ಥನೆ ದುಡಿಮೆಗಿಂತ ದೊಡ್ಡದಾಗಿ ಕಂಡಿತು. ಆ ರೈತನಿಗೆ ಬಿತ್ತುವುದಿತ್ತು, ದನಕ್ಕೆ ನೀರು ಕುಡಿಸುವುದಿತ್ತು, ಅವನ ದಾರಿ ಕಾಯುವ ಮನೆಮಂದಿ ಇದ್ದರು. ಇವನ್ನೆಲ್ಲ ಬದಿಗಿಟ್ಟು ಶ್ರೇಯಸ್ಸು ಪೂರಾ ನಂಬಿಕೆಗೆ ಕೊಡುವುದು ತರ್ಕವಲ್ಲ. ಟಾಲ್‌ಸ್ಟಾಯ್‌ನ ಸ್ವಂತ ನಂಬಿಕೆಯೂ ಚರ್ಚಿಗೆ ಹಿಡಿಸಲಿಲ್ಲವೆನ್ನಿ. 1901ರಲ್ಲಿ ರಷ್ಯದ ಚರ್ಚು ಅವನನ್ನು ಹೊರಹಾಕಿತು.

ಸಾವಿನ ಮುಂದೆ ಈ ವಾದ ಏನಾಗುತ್ತದೆ ಎಂಬ ಪ್ರಶ್ನೆ ಕಠಿಣವಾದದ್ದು. ಸತ್ತ ಮಗು ಶಿವನ ಪಾದ ಸೇರಿತು ಎನ್ನುವ ತಾಯಿಗಿರುವ ಸಮಾಧಾನ ನಂಬಿಕೆಯಿಲ್ಲದವಳಿಗಿಲ್ಲ. ಅದಕ್ಕೆ ಬದಲಿ ಯಾವ ತತ್ತ್ವಶಾಸ್ತ್ರದಲ್ಲೂ ಸಿಗುವುದಿಲ್ಲ. ಆದರೆ ಶಾಶ್ವತವಲ್ಲದ್ದಕ್ಕೆ ಬೆಲೆಯಿಲ್ಲ ಎಂಬುದು ಇದರಿಂದ ಸಾಬೀತಾಗುವುದಿಲ್ಲ. 2023ರ ಜನವರಿ 2ರಂದು ತೀರಿಕೊಂಡ ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ ತಮ್ಮ ದೇಹವನ್ನು ಹೂಳದೆ ದಹಿಸಬೇಕು, ಸ್ಮಾರಕ ಕಟ್ಟಬಾರದು ಎಂದು ಮೊದಲೇ ಬರೆದಿಟ್ಟಿದ್ದರು. ಗದ್ದುಗೆಯಿಲ್ಲ ಎಂದು ಅವರ ಬಾಳಿನ ಬೆಲೆ ಈ ಜಿಲ್ಲೆಯಲ್ಲಿ ಯಾರಿಗೂ ಕಡಿಮೆಯೆನಿಸಿಲ್ಲ. ಇನ್ನು ಕನ್ನಡದಲ್ಲಿ ದೇವರ ಅಸ್ತಿತ್ವವನ್ನು ಸಮಾಧಾನದಿಂದ, ಯಾರನ್ನೂ ಹೀಯಾಳಿಸದೆ ನಿರಾಕರಿಸಿದ ಎ.ಎನ್. ಮೂರ್ತಿರಾಯರ ‘ದೇವರು’ ಬಂದದ್ದು ಅವರ ತೊಂಬತ್ತು ದಾಟಿದ ಮೇಲೆ, ಸಾವು ಹೊಸ್ತಿಲಲ್ಲಿರುವ ವಯಸ್ಸಿನಲ್ಲಿ. ಅದಾದ ಮೇಲೂ ಅವರು ಹತ್ತು ವರ್ಷಕ್ಕಿಂತ ಹೆಚ್ಚು ಬದುಕಿದರು.

ಬಿಟ್ಟವರನ್ನು ನಿಜವಾಗಿ ಕುಗ್ಗಿಸುವುದು ದೇವರ ಗೈರುಹಾಜರಿಗಿಂತ ನೆಂಟರ ಗೈರುಹಾಜರಿ. ಅರ್ಥ ಹುಟ್ಟುವುದೇ ಜನರ ನಡುವೆಯಾದ್ದರಿಂದ, ಜನರನ್ನು ಕಿತ್ತುಕೊಂಡು ಆಮೇಲೆ ನಿನ್ನ ಬಾಳಿಗೆ ಅರ್ಥವಿಲ್ಲ ಎನ್ನುವುದು ನಾವೇ ಮಾಡಿದ ಗಾಯವನ್ನು ಪುರಾವೆಯಾಗಿ ತೋರಿಸಿದಂತೆ. ಮನೆಯ ಹುಡುಗನೋ ಹುಡುಗಿಯೋ ಇನ್ನು ನನಗೆ ನಂಬಿಕೆಯಿಲ್ಲ ಎಂದರೆ, ವಾದ ಮಾಡುವುದಿದ್ದರೆ ಮಾಡಿ. ಮುಂದಿನ ಲಗ್ನಪತ್ರಿಕೆಯಲ್ಲಿ ಅವರ ಹೆಸರು ಮಾತ್ರ ಬಿಡಬೇಡಿ.